ಹೊಸ ನಾಟಕವನ್ನು ಅಮೆರಿಕದವರು ಬೆಳೆಸ್ತಾರಾ, ಓದಿ ಓದಿ ಸವೆಸ್ತಾರಾ?

ಚಳಿಯೂರು:
ಎಲ್ಲರಿಗೂ ನಮಸ್ಕಾರ. ನಾನಿರೋದು ಮಿನಿಯಾಪೊಲಿಸ್‌ನಲ್ಲಿ. ಕಳೆದ ವಾರ ಇಲ್ಲಿ ಒಂದು ಹೊಸ ನಾಟಕದ ರೀಡಿಂಗ್‌ಗೆ ಹೋಗಿದ್ದೆ. ನಾಟಕ ಅಂದುಕೊಂಡು ಹೋದರೆ ಸೆಟ್ಟಿಲ್ಲ, ವೇಷವಿಲ್ಲ, ಬಣ್ಣವಿಲ್ಲ. ಆರು ಮ್ಯೂಸಿಕ್ ಸ್ಟ್ಯಾಂಡು, ಆರು ನಟರು, ಎದುರಿಗೆ ಸ್ಕ್ರಿಪ್ಟು. ಪಕ್ಕದಲ್ಲಿ ಒಬ್ಬಳು ಹುಡುಗಿ ಕೂತು "ಬಾಗಿಲು ಬಡಿದ ಸದ್ದು. ಅವನು ಏಳುವುದಿಲ್ಲ" ಅಂತ ರಂಗಸೂಚನೆ ಓದುತ್ತಿದ್ದಳು. ಮೊದಲ ಹತ್ತು ನಿಮಿಷ ನಗು ಬಂತು. ಆಮೇಲೆ ನಿಜವಾಗಿಯೂ ಬಾಗಿಲು ಕಾಣತೊಡಗಿತು.

ಓದು ಮುಗಿದ ಮೇಲೆ ಬರೆದಾಕೆಯನ್ನು ಎದುರು ಕೂರಿಸಿ ಮಾತುಕತೆ. ಒಬ್ಬ ಹಿರಿಯರು ಎದ್ದು "ಎರಡನೇ ಭಾಗದಲ್ಲಿ ತಾಯಿ ಸತ್ತರೆ ಚೆನ್ನಾಗಿರುತ್ತೆ" ಅಂದರು. ಆಕೆ ನಗುತ್ತಲೇ ಬರೆದುಕೊಂಡಳು. ಇದು ಈ ನಾಟಕದ ನಾಲ್ಕನೇ ರೀಡಿಂಗಂತೆ. ಆಡಿಸುವವರು ಇನ್ನೂ ಸಿಕ್ಕಿಲ್ಲವಂತೆ.

ಇದರಿಂದ ನಾಟಕಕ್ಕೆ ಒಳ್ಳೆಯದಾಗುತ್ತಾ? ಕೇಳೋಕೆ ಕಾರಣ ಇದೆ. ನಾನೂ ಒಂದು ಕನ್ನಡ ನಾಟಕ ಬರೆದಿಟ್ಟುಕೊಂಡಿದ್ದೇನೆ. ಇಲ್ಲಿನ ಗೆಳೆಯರ ಕೈಲಿ ಹೀಗೇ ಓದಿಸೋಣವೇ ಅನ್ನುವ ಆಸೆ. ಭಯವೂ ಅಷ್ಟೇ ಇದೆ.

ಸೈಡ್‌ವಿಂಗ್:
ಒಳ್ಳೆ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ರಂಗದ ಹಿಂದಿನ ಕೆಲಸ ಮಾಡುವವನು. ಈ ವಿಷಯ ಓದಿಕೊಳ್ಳೋದು ಒಂದು ಚಟ. ಸ್ವಲ್ಪ ಉದ್ದ ಬರೀತೇನೆ, ಸಹಿಸಿಕೊಳ್ಳಿ.

ಆ ಮ್ಯೂಸಿಕ್ ಸ್ಟ್ಯಾಂಡ್ ಬರೀ ಬಡತನದಿಂದ ಬಂದದ್ದಲ್ಲ. ನಟರ ಸಂಘದ ನಿಯಮದಲ್ಲಿ "29 ಗಂಟೆ ರೀಡಿಂಗ್" ಅಂತ ಒಂದು ಬಗೆ ಇದೆ. ಎರಡು ವಾರದೊಳಗೆ ಒಟ್ಟು 29 ಗಂಟೆ ಮೀರದ ಹಾಗೆ ನಟರನ್ನು ಬಳಸಿಕೊಳ್ಳಬಹುದು. ಸ್ಕ್ರಿಪ್ಟ್ ಕೈಯಲ್ಲೇ ಇರಬೇಕು. ಪೂರ್ತಿ ತಾಲೀಮಿಗೆ ಬೇಕಾದ ದುಡ್ಡಿನ ಒಂದು ತುಣುಕಿನಲ್ಲಿ ನಾಟಕ ಹೇಗೆ ಕೇಳಿಸುತ್ತೆ ಅಂತ ಗೊತ್ತಾಗುತ್ತದೆ. ಹಾಗಾಗಿ ಎಲ್ಲರೂ ಇದನ್ನೇ ಮಾಡುತ್ತಾರೆ.

ಈ ಪದ್ಧತಿಗೆ ದೊಡ್ಡ ಹೆಸರು ತಂದದ್ದು ಕನೆಕ್ಟಿಕಟ್‌ನ ವಾಟರ್‌ಫರ್ಡ್‌ನಲ್ಲಿರುವ ಯುಜೀನ್ ಓನೀಲ್ ಥಿಯೇಟರ್ ಸೆಂಟರ್. 1964ರಲ್ಲಿ ಶುರುವಾದದ್ದು. ಬೇಸಿಗೆಯಲ್ಲಿ ಅಲ್ಲಿ ನಾಟಕಕಾರರ ಸಮ್ಮೇಳನ ನಡೆಯುತ್ತದೆ. ಯಾರು ಬೇಕಾದರೂ ನಾಟಕ ಕಳಿಸಬಹುದು. ಸಾವಿರಕ್ಕೂ ಹೆಚ್ಚು ಬರುತ್ತವೆ, ಆರಿಸೋದು ಹತ್ತಕ್ಕಿಂತ ಕಡಿಮೆ. 1968ರಿಂದ ಮೂವತ್ತು ವರ್ಷ ಅದನ್ನು ನಡೆಸಿದವರು ಲಾಯ್ಡ್ ರಿಚರ್ಡ್ಸ್.

ಚಳಿಯೂರು ಅವರೇ, ಈಗ ನಿಮ್ಮೂರಿನ ಕತೆ. ಪಕ್ಕದ ಸೇಂಟ್ ಪಾಲ್‌ನಲ್ಲಿ ಆಗಸ್ಟ್ ವಿಲ್ಸನ್ ಅಂತ ಒಬ್ಬರಿದ್ದರು. ಕವಿತೆ ಬರೆಯುತ್ತಿದ್ದರು. ಮುದುಕರಿಗೆ ಊಟ ಹಾಕುವ ಒಂದು ಸೇವಾಸಂಸ್ಥೆಯಲ್ಲಿ ಅಡುಗೆ ಮಾಡುತ್ತಿದ್ದರು. ಆಗ ನಿಮ್ಮ ಮಿನಿಯಾಪೊಲಿಸ್‌ನಲ್ಲಿದ್ದ ಪ್ಲೇರೈಟ್ಸ್ ಸೆಂಟರ್ ಅವರಿಗೊಂದು ಫೆಲೋಶಿಪ್ ಕೊಟ್ಟಿತು. ಓನೀಲ್‌ಗೆ ಅವರು ಕಳಿಸಿದ ನಾಟಕಗಳು ಒಂದಾದ ಮೇಲೊಂದು ವಾಪಸ್ ಬಂದವು. ಕೊನೆಗೆ 1982ರಲ್ಲಿ 'ಮಾ ರೇನೀಸ್ ಬ್ಲ್ಯಾಕ್ ಬಾಟಮ್' ಆಯ್ಕೆಯಾಯಿತು. 1984ರಲ್ಲಿ ಅದು ಯೇಲ್ ವಿಶ್ವವಿದ್ಯಾಲಯದ ರಂಗಮಂದಿರ ಯೇಲ್ ರೆಪರ್ಟರಿಯಲ್ಲಿ ಪ್ರಯೋಗ ಕಂಡಿತು, ಅದೇ ವರ್ಷ ಬ್ರಾಡ್‌ವೇಗೂ, ಅಂದರೆ ನ್ಯೂಯಾರ್ಕಿನ ದೊಡ್ಡ ವಾಣಿಜ್ಯ ರಂಗಭೂಮಿಗೂ, ಹೋಯಿತು.

ಇಲ್ಲಿ ಜನ ಮರೆಯುವ ಒಂದು ವಿಷಯ ಇದೆ. ಓನೀಲ್‌ನಲ್ಲಿ ಓದಿಸಿದ ರಿಚರ್ಡ್ಸ್ ಅವರೇ ಯೇಲ್ ರೆಪರ್ಟರಿಯ ಮುಖ್ಯಸ್ಥರೂ ಆಗಿದ್ದರು. ಓದಿಸಿದವರ ಕೈಯಲ್ಲೇ ರಂಗಮಂದಿರದ ಬೀಗದ ಕೈ! ನಿಮ್ಮೂರ ಆ ನಾಲ್ಕನೇ ರೀಡಿಂಗಿನಾಕೆಗೆ ಇಲ್ಲದೇ ಇರೋದು ಅದೇ.

ತರಲೆ ತಮ್ಮಯ್ಯ:
ಶೇಕ್ಸ್‌ಪಿಯರ್ ಎಷ್ಟು ಗಂಟೆ ರೀಡಿಂಗ್ ಮಾಡಿಸಿದ್ದನೋ? ಸುಮ್ನೆ ಬರೀಬೇಕು, ಆಡಬೇಕು. ಜನ ಎದ್ದು ಹೋದರೆ ನಾಟಕ ಚೆನ್ನಾಗಿಲ್ಲ. ಮುಗೀತು.

ಸೈಡ್‌ವಿಂಗ್:
ತಮ್ಮಯ್ಯನವರೇ, ಶೇಕ್ಸ್‌ಪಿಯರ್ ಕಂಪನಿಯ ಒಳಗಿದ್ದವನು. ಯಾವ ನಟನಿಗೆ ಯಾವ ಮಾತು ಒಗ್ಗುತ್ತೆ ಅಂತ ಬರೆಯುವಾಗಲೇ ಗೊತ್ತಿತ್ತು. ನಮ್ಮ ಕಂಪನಿ ನಾಟಕಗಳ ಕವಿಗಳೂ ಹಾಗೇ, ಕ್ಯಾಂಪಿನಲ್ಲೇ ಇರುತ್ತಿದ್ದರು. ರಾತ್ರಿ ಸಪ್ಪೆಯಾದ ಸೀನು ಮಾರನೆ ದಿನ ಬದಲಾಗುತ್ತಿತ್ತು. ಅಮೆರಿಕದ ನಾಟಕಕಾರರಲ್ಲಿ ಹೆಚ್ಚಿನವರು ಯಾವ ಕಂಪನಿಗೂ ಸೇರಿದವರಲ್ಲ. ಮನೆಯಲ್ಲಿ ಕೂತು ಬರೆದು ಟಪಾಲಿಗೆ ಹಾಕುವವರು. ಆ ಅಂತರ ತುಂಬೋಕೆ ಅಂತಲೇ ಇಷ್ಟೆಲ್ಲ ಸಂಸ್ಥೆ ಹುಟ್ಟಿಕೊಂಡವು. ನ್ಯೂಯಾರ್ಕಿನ ನ್ಯೂ ಡ್ರಾಮಾಟಿಸ್ಟ್ಸ್ 1949ರದ್ದು. ಹಳೇ ಚರ್ಚ್ ಕಟ್ಟಡದಲ್ಲಿದೆ. ಸೇರಿಸಿಕೊಂಡರೆ ಏಳು ವರ್ಷ ನೀವು ಅಲ್ಲಿಯವರು.

ಅಕ್ಕ ಧಾರವಾಡದಿಂದ:
ತಮ್ಮಯ್ಯ, ನಿಮಗ ಮನೆಗೆ ಹತ್ತಿರದ ಉದಾಹರಣೆ ಕೊಡತೇನಿ ನೋಡ್ರಿ. ಗಿರೀಶ ಕಾರ್ನಾಡರು 1987-88ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಇದ್ದರು. 'ನಾಗಮಂಡಲ' ಆ ದಿನಗಳ ಕೂಸು. ಅದರೊಳಗಿನ ಕತೆಗಳು ಎ.ಕೆ. ರಾಮಾನುಜನ್ ಅವರಿಂದ ಕೇಳಿದ್ದು. ಅದರ ಇಂಗ್ಲಿಷ್ ರೂಪವನ್ನು ಮೊದಲು ಆಡಿದ್ದು ಅಲ್ಲಿಯ ವಿದ್ಯಾರ್ಥಿಗಳು. 1993ರಲ್ಲಿ ಇದೇ ಚಳಿಯೂರಿನ ಗತ್ರಿ ಥಿಯೇಟರ್ ತನ್ನ ಮೂವತ್ತನೇ ವರ್ಷಕ್ಕೆ ಅದನ್ನು ಆಡಿಸಿತು. ಅಷ್ಟಕ್ಕೇ ಬಿಡಲಿಲ್ಲ, ಇನ್ನೊಂದು ನಾಟಕ ಬರೆದುಕೊಡ್ರಿ ಅಂತ ಕೇಳಿತು. ಹಂಗ ಬಂದದ್ದು 'ಅಗ್ನಿ ಮತ್ತು ಮಳೆ'. ಕಾರ್ನಾಡರು ಅದನ್ನು ಮೊದಲು ಬರೆದದ್ದು ಕನ್ನಡದಾಗ. ಆಮೇಲೆ ತಾವೇ ಇಂಗ್ಲಿಷಿಗೆ ತಂದು ಅಮೆರಿಕದ ವೃತ್ತಿ ನಟರ ಜೊತೆ ಗತ್ರಿಯಲ್ಲಿ ವರ್ಕ್‌ಶಾಪ್, ಅಂದ್ರ ಆಡಿ ನೋಡಿ ತಿದ್ದುವ ತಾಲೀಮು, ಮಾಡಿದರು. ಮಹಾಭಾರತದ ಯವಕ್ರೀತನ ಕತೆ ಮಿನೆಸೋಟದ ನಟರ ಬಾಯಾಗ!

ಅಂದ್ರ ಈ ಪದ್ಧತಿಯ ಉಪ್ಪು ಕನ್ನಡವೂ ತಿಂದದ.

ಚಳಿಯೂರು:
ಅಕ್ಕಾ, ಗತ್ರಿ ನನ್ನ ಆಫೀಸಿನಿಂದ ಹತ್ತು ನಿಮಿಷ. ಎಷ್ಟೋ ಸಲ ಅದರ ಮುಂದೆ ಹಾದು ಹೋಗಿದ್ದೇನೆ. ಇದು ಗೊತ್ತೇ ಇರಲಿಲ್ಲ.

ತರಲೆ ತಮ್ಮಯ್ಯ:
ಸರಿ, ಕಾರ್ನಾಡರ ವಿಷಯಕ್ಕೆ ನಾನು ಬಾಯಿ ಮುಚ್ಚಿದೆ. ಆದರೆ ಅವರಿಗೆ ಗತ್ರಿ ನಾಟಕವನ್ನೇ ಕೇಳಿತ್ತು. ಬರೀ ಓದಿ ನೋಡೋಣ ಬನ್ನಿ ಅಂತ ಕರೆದದ್ದಲ್ಲ. ವ್ಯತ್ಯಾಸ ಇದೆ ಅಲ್ವಾ?

ಬಾಲ್ಕನಿ ಟಿಕೆಟ್:
ತಮ್ಮಯ್ಯ ಸಾರ್ ಮೊದಲ ಸಲ ಸರಿಯಾದ ಜಾಗಕ್ಕೆ ಹೊಡೆದಿದ್ದಾರೆ.

ಟೋನಿ ಕುಶ್ನರ್ ಅವರ 'ಏಂಜಲ್ಸ್ ಇನ್ ಅಮೆರಿಕ' ತೆಗೆದುಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊದ ಯುರೇಕ ಅನ್ನುವ ಪುಟ್ಟ ತಂಡ ಮುಂಗಡ ಕೊಟ್ಟು ಬರೆಸಿದ್ದು. ಸರ್ಕಾರದ ಕಲಾನಿಧಿಯ ಹಣವೂ ಅದಕ್ಕಿತ್ತು. ಕೇಳಿದ್ದು ಒಂದು ನಾಟಕ. ಬಂದದ್ದು ಎರಡು ಭಾಗ, ಒಟ್ಟು ಏಳು ಗಂಟೆ. ಸಣ್ಣ ತಂಡಕ್ಕೆ ಇದು ಮದುವೆಗೆ ಕರೆದರೆ ಊರೇ ಬಂದ ಹಾಗೆ! 1990ರಲ್ಲಿ ಲಾಸ್ ಏಂಜಲೀಸಿನ ಮಾರ್ಕ್ ಟೇಪರ್ ಫೋರಂನಲ್ಲಿ ವರ್ಕ್‌ಶಾಪ್, 1991ರಲ್ಲಿ ಯುರೇಕದಲ್ಲಿ ಪ್ರಯೋಗ, 1992ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್, ಅದೇ ವರ್ಷದ ಕೊನೆಗೆ ಮತ್ತೆ ಟೇಪರ್. 1993ರಲ್ಲಿ ಬ್ರಾಡ್‌ವೇ, ಪುಲಿಟ್ಜರ್ ಪ್ರಶಸ್ತಿ. ಈ ದಾರಿಯುದ್ದಕ್ಕೂ ಕುಶ್ನರ್ ತಿದ್ದುತ್ತಲೇ ಇದ್ದರು. ನಿಲ್ಲೋಕೆ ಒಂದರ ಹಿಂದೆ ಒಂದು ರಂಗ ಸಿಕ್ಕಿತು, ಅದಕ್ಕೇ ಆಯಿತು.

ಸೈಡ್‌ವಿಂಗ್:
ಹೌದು. ವಿಲ್ಸನ್ನರಿಗೂ ಅಷ್ಟೇ. 'ದಿ ಪಿಯಾನೊ ಲೆಸನ್' ನೋಡಿ. ಮನೆಯಲ್ಲೊಂದು ಪಿಯಾನೊ. ಅದರ ಮೇಲೆ ಗುಲಾಮಗಿರಿ ಕಾಲದ ಹಿರಿಯರ ಮುಖ ಕೆತ್ತಿದೆ. ಅದನ್ನು ಮಾರಿ ಜಮೀನು ಕೊಳ್ಳಬೇಕು ಅಂತ ತಮ್ಮ, ಮಾರಕೂಡದು ಅಂತ ಅಕ್ಕ. 1987ರಲ್ಲಿ ಯೇಲ್‌ನಲ್ಲಿ ಆಡಿದಾಗ ಪಿಯಾನೊ ಕೊನೆಗೆ ಯಾರಿಗೆ ಅನ್ನೋದು ತೀರ್ಮಾನವೇ ಆಗಿರಲಿಲ್ಲ. ಆಮೇಲೆ ನಾಟಕ ಊರಿಂದ ಊರಿಗೆ ಹೋಯಿತು. ಬ್ರಾಡ್‌ವೇಗೆ ಬಂದದ್ದು 1990ರಲ್ಲಿ. ಅಷ್ಟರಲ್ಲಿ ಕೊನೆ ಸಿಕ್ಕಿತ್ತು. ವರ್ಷಗಟ್ಟಲೆ ಮುಟ್ಟದೇ ಇದ್ದ ಪಿಯಾನೊದ ಮುಂದೆ ಅಕ್ಕ ಕೂರುತ್ತಾಳೆ, ನುಡಿಸುತ್ತ ಹಿರಿಯರನ್ನು ಹೆಸರು ಹಿಡಿದು ಕರೆಯುತ್ತಾಳೆ.

ಟೇಬಲ್ ಮುಂದೆ ಕೂತು ಓದುವುದರಿಂದ ಇಂಥ ಕೊನೆ ಹುಟ್ಟುತ್ತಾ? ನನಗೆ ಅನುಮಾನ. ಓದಿನಲ್ಲಿ ಮಾತು ಮಾತ್ರ ಪರೀಕ್ಷೆ ಆಗುತ್ತದೆ. ಮೈ ಆಗೋದಿಲ್ಲ. ಒಬ್ಬ ನಟಿ ಪಿಯಾನೊ ಕಡೆ ನಡೆದು ಹೋಗುವ ನಾಲ್ಕು ಹೆಜ್ಜೆಯನ್ನು ಮ್ಯೂಸಿಕ್ ಸ್ಟ್ಯಾಂಡಿನ ಹಿಂದೆ ನಿಂತು ಯಾರೂ ಓದೋಕಾಗಲ್ಲ.

ಬಾಲ್ಕನಿ ಟಿಕೆಟ್:
ಇದಕ್ಕೆ ಪಕ್ಕಾ ಸಾಕ್ಷಿ ಆ್ಯನಿ ಬೇಕರ್. 'ದಿ ಫ್ಲಿಕ್' 2013ರಲ್ಲಿ ನ್ಯೂಯಾರ್ಕಿನ ಪ್ಲೇರೈಟ್ಸ್ ಹೊರೈಜನ್ಸ್ ಥಿಯೇಟರಿನಲ್ಲಿ ಬಂತು. ಮ್ಯಾಸಚೂಸೆಟ್ಸ್‌ನ ಒಂದು ಹಳೇ ಸಿನಿಮಾ ಟಾಕೀಸು. ಶೋ ಮುಗಿದ ಮೇಲೆ ಇಬ್ಬರು ಕೆಲಸಗಾರರು ಪಾಪ್‌ಕಾರ್ನ್ ಗುಡಿಸುತ್ತಾರೆ. ಗುಡಿಸುತ್ತಾರೆ, ಗುಡಿಸುತ್ತಲೇ ಇರುತ್ತಾರೆ. ಮೂರು ಗಂಟೆಯ ನಾಟಕ. ಅದರಲ್ಲಿ ಎಷ್ಟೋ ಹೊತ್ತು ಬರೀ ಮೌನ. ಮೊದಲ ಪ್ರಯೋಗದ ದಿನಗಳಲ್ಲಿ ಚಂದಾದಾರರು, ಅಂದರೆ ವರ್ಷದ ನಾಟಕಗಳಿಗೆ ಮೊದಲೇ ದುಡ್ಡು ಕೊಟ್ಟವರು, ಮಧ್ಯದಲ್ಲೇ ಎದ್ದು ಹೋದರು. ಕೊನೆಗೆ ಥಿಯೇಟರಿನ ಕಲಾ ನಿರ್ದೇಶಕರು ಎಲ್ಲ ಚಂದಾದಾರರಿಗೂ ಪತ್ರ ಬರೆದು, ಈ ನಾಟಕ ಯಾಕೆ ಹೀಗಿದೆ ಅಂತ ವಿವರಿಸಬೇಕಾಯಿತು. ಕತ್ತರಿ ಹಾಕಿ ಅಂತ ಬೇಕರ್‌ಗೆ ಹೇಳಲಿಲ್ಲ. ಮುಂದಿನ ವರ್ಷ ಪುಲಿಟ್ಜರ್ ಬಂತು.

ಈ ನಾಟಕವನ್ನು ರೀಡಿಂಗಿನಲ್ಲಿ ಯೋಚಿಸಿ. "ಅವರು ಗುಡಿಸುತ್ತಾರೆ. ತುಂಬಾ ಹೊತ್ತು." ಮುಂದಿನ ಪುಟ!

ತಮ್ಮಯ್ಯ ಸಾರ್, ಜನ ಎದ್ದು ಹೋದರೆ ನಾಟಕ ಚೆನ್ನಾಗಿಲ್ಲ ಅಂದಿರಲ್ಲ, ಈಗ ಹೇಳಿ.

ತರಲೆ ತಮ್ಮಯ್ಯ:
ಮೂರು ಗಂಟೆ ಕಸ ಗುಡಿಸೋದನ್ನು ನೋಡೋಕೆ ನಮ್ಮ ಮನೆಯಲ್ಲೇ ಟಿಕೆಟ್ ಇಡ್ತೇನೆ. ಬನ್ನಿ.

(ಆದರೂ ಆ ಪತ್ರ ಬರೆದವರಿಗೆ ಒಂದು ನಮಸ್ಕಾರ.)

ನಾಲ್ಕನೇ ಗಂಟೆ:
ಈ ಥ್ರೆಡ್ಡನ್ನು ಎರಡು ದಿನದಿಂದ ಓದುತ್ತಿದ್ದೇನೆ. ನನ್ನ ಅನುಭವ ಹೇಳಲೇಬೇಕು ಅನ್ನಿಸಿತು. ಕೆಲವು ವರ್ಷದ ಹಿಂದೆ ಒಂದು ಗುಂಪಿನಲ್ಲಿ ನನ್ನ ಹೊಸ ನಾಟಕ ಓದಿದೆ. ಗುಂಪಿನ ಹೆಸರು ಬೇಡ. ಇಪ್ಪತ್ತು ಜನ ಇದ್ದರು. ಓದು ಮುಗಿದದ್ದೇ ತಡ, ಒಬ್ಬೊಬ್ಬರೂ ಅವರವರ ನಾಟಕ ಬರೆಯತೊಡಗಿದರು. ಅಣ್ಣನ ಪಾತ್ರ ತೆಗೀರಿ ಅಂತ ಒಬ್ಬರು, ಅಣ್ಣನದೇ ನಾಟಕ ಮಾಡಿ ಅಂತ ಇನ್ನೊಬ್ಬರು. ನಾನು ಬುದ್ಧಿ ಇಲ್ಲದವಳ ಹಾಗೆ ಎಲ್ಲವನ್ನೂ ತುರುಕಿದೆ. ಆರು ತಿಂಗಳ ಮೇಲೆ ಓದಿದರೆ ಅದು ಯಾರ ನಾಟಕವೂ ಆಗಿರಲಿಲ್ಲ. ಟ್ರಂಕಿನಲ್ಲಿದೆ ಈಗ.

ಚಳಿಯೂರು, ಓದಿಸಿ. ಆದರೆ ಆಮೇಲಿನ ಮಾತುಕತೆಗೆ ಒಂದು ಕಟ್ಟುಪಾಡು ಇರಲಿ.

ಸೈಡ್‌ವಿಂಗ್:
ಕೇಳಿ ಬೇಜಾರಾಯಿತು. ಅಲ್ಲಿಯವರಿಗೂ ಈ ಕಾಟ ಗೊತ್ತು. ಅದಕ್ಕೆ ಮದ್ದು ಕೊಟ್ಟವರು ನಾಟಕದವರಲ್ಲ, ಲಿಜ್ ಲರ್ಮನ್ ಅನ್ನುವ ನೃತ್ಯ ಸಂಯೋಜಕಿ. 1990ರ ಹೊತ್ತಿಗೆ ಒಂದು ಪದ್ಧತಿ ಮಾಡಿಟ್ಟರು. ಎಷ್ಟೋ ನಾಟಕ ತಂಡಗಳು ಈಗ ಅದನ್ನೇ ಬಳಸುತ್ತವೆ. ಮೊದಲು ನೋಡಿದವರು ತಮ್ಮ ಮನಸ್ಸಿನಲ್ಲಿ ಏನು ಉಳಿಯಿತು ಅಂತ ಹೇಳಬೇಕು, ಅಷ್ಟೇ. ಆಮೇಲೆ ಬರೆದವರು ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ಪ್ರಶ್ನೆ ಕೇಳಬಹುದು, ಆದರೆ ಅದರಲ್ಲಿ ಅಭಿಪ್ರಾಯ ಅಡಗಿರಬಾರದು. "ತಾಯಿ ಯಾಕೆ ಅಷ್ಟು ಬೋರು?" ಅನ್ನುವ ಹಾಗಿಲ್ಲ. "ತಾಯಿಗೆ ಏನು ಬೇಕಾಗಿದೆ?" ಅನ್ನಬಹುದು. ಕೊನೆಯಲ್ಲಿ ಅಭಿಪ್ರಾಯ. ಅದನ್ನೂ ಕೇಳಿಯೇ ಹೇಳಬೇಕು: ತಾಯಿಯ ಪಾತ್ರದ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಬೇಕಾ? ಬರೆದವರು ಬೇಡ ಅಂದರೆ ಬೇಡ.

ಆ "ಬೇಡ" ಅನ್ನುವ ಹಕ್ಕು ಇದೆಯಲ್ಲ, ಅದು ನನಗೆ ತುಂಬಾ ಹಿಡಿಸಿತು.

ಅಕ್ಕ ಧಾರವಾಡದಿಂದ:
ನಮ್ಮಲ್ಲಿ "ಬೇಡ" ಅಂದ್ರ "ಏನ್ ಧಿಮಾಕು ನೋಡು" ಅಂತಾರ.

ಬಾಲ್ಕನಿ ಟಿಕೆಟ್:
ಹಕ್ಕಿನ ಮಾತು ಬಂತು ಅಂತ ಹೇಳ್ತೇನೆ. ಅಮೆರಿಕದಲ್ಲಿ ನಾಟಕಕಾರನಿಗೆ ಸಂಬಳ ಕಮ್ಮಿ, ಹಕ್ಕು ಜಾಸ್ತಿ. ಹಾಲಿವುಡ್ಡಿನ ಚಿತ್ರಕಥೆ ಸಾಮಾನ್ಯವಾಗಿ ಸ್ಟುಡಿಯೊದ ಸ್ವತ್ತು. ಬರೆದವನನ್ನು ತೆಗೆದು ಇನ್ನೊಬ್ಬನನ್ನು ಹಾಕಬಹುದು. ನಾಟಕ ಹಾಗಲ್ಲ, ಬರೆದವರದ್ದೇ. ಅವರ ಒಪ್ಪಿಗೆ ಇಲ್ಲದೆ ಒಂದು ಮಾತೂ ಬದಲಿಸಬಾರದು ಅನ್ನೋದನ್ನು ನಾಟಕಕಾರರ ಸಂಘವಾದ ಡ್ರಾಮಾಟಿಸ್ಟ್ಸ್ ಗಿಲ್ಡ್ ಕಾಪಾಡಿಕೊಂಡು ಬಂದಿದೆ. ವಿಲ್ಸನ್ನರ 'ಫೆನ್ಸಸ್' ಬ್ರಾಡ್‌ವೇಗೆ ಹೋಗುವ ಮುಂಚೆ, ಕೊನೆಯ ದೃಶ್ಯ ಬದಲಿಸಿ ಅಂತ ನಿರ್ಮಾಪಕರ ಕಡೆಯಿಂದ ಬಹಳ ಒತ್ತಡ ಬಂತು. ವಿಲ್ಸನ್ ಬಗ್ಗಲಿಲ್ಲ. ಅದೇ ಕೊನೆಯೊಂದಿಗೆ 1987ರ ಪುಲಿಟ್ಜರ್ ಪಡೆದರು.

ಇದರ ಇನ್ನೊಂದು ಮುಖವೂ ಇದೆ. ಹಕ್ಕು ಕೈಯಲ್ಲಿದ್ದರೂ ಬಾಡಿಗೆ ಕಟ್ಟಬೇಕಲ್ಲ. ಹಾಗಾಗಿ ಹೆಸರು ಬಂದ ತಕ್ಷಣ ಎಷ್ಟೋ ಜನ ಟೀವಿ ಸೀರಿಯಲ್ ಬರೆಯೋಕೆ ಹೋಗುತ್ತಾರೆ. ತಪ್ಪು ಅನ್ನಲಾರೆ.

ಪುಟ ತಿರುವು:
ಒಂದು ಸಣ್ಣ ಸೇರ್ಪಡೆ. ಕೆಲವರಿಗೆ ಬೇಕಾದದ್ದು ರೀಡಿಂಗೂ ಅಲ್ಲ, ವರ್ಕ್‌ಶಾಪೂ ಅಲ್ಲ, ತಿರುಗಾಟ. ಲಿನ್ ನಾಟೇಜ್ 'ಸ್ವೆಟ್' ಬರೆಯೋಕೆ 2011ರಿಂದ ಪೆನ್ಸಿಲ್ವೇನಿಯದ ರೆಡಿಂಗ್ ಅನ್ನುವ ಊರಿಗೆ ಹೋಗಿ ಬಂದರು. ಫ್ಯಾಕ್ಟರಿ ಮುಚ್ಚಿ ಕೆಲಸ ಕಳೆದುಕೊಂಡವರ ಹತ್ತಿರ ವರ್ಷಗಟ್ಟಲೆ ಮಾತಾಡಿದರು. ಆರೆಗನ್ ಶೇಕ್ಸ್‌ಪಿಯರ್ ಫೆಸ್ಟಿವಲ್ ಮತ್ತು ವಾಷಿಂಗ್ಟನ್ನಿನ ಅರೀನ ಸ್ಟೇಜ್ ಸೇರಿ ಬರೆಸಿದ ನಾಟಕ. ಮೊದಲ ಪ್ರಯೋಗ 2015ರಲ್ಲಿ. 2017ರಲ್ಲಿ ಅವರಿಗೆ ಎರಡನೇ ಪುಲಿಟ್ಜರ್. ನಾಟಕ ವಿಭಾಗದಲ್ಲಿ ಅದನ್ನು ಎರಡು ಸಲ ಪಡೆದ ಮೊದಲ ಹೆಂಗಸು.

ಹೊಸಬ ಹಾಸನ:
ನಾನು ನಾಟಕದವನಲ್ಲ, ಇಂಗ್ಲಿಷ್ ಮೇಷ್ಟ್ರು. ಸನಾಜ್ ತೂಸಿ ಅವರ 'ಇಂಗ್ಲಿಷ್' ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಇರಾನಿನ ಕರಜ್ ಊರು, 2008. ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಓದುವ ನಾಲ್ವರು ಮತ್ತು ಅವರ ಟೀಚರ್. ಪಾತ್ರಗಳು ಫಾರ್ಸಿಯಲ್ಲಿ ಮಾತಾಡುವಾಗ ನಟರು ಸರಾಗ ಇಂಗ್ಲಿಷ್ ಆಡುತ್ತಾರೆ. ಪಾತ್ರಗಳು ಇಂಗ್ಲಿಷಿಗೆ ಬಂದಾಗ ಅದೇ ನಟರು ತಡವರಿಸುತ್ತಾರೆ, ಮಾತಿಗೆ ಬೇರೆ ಧಾಟಿ ಬರುತ್ತದೆ. ಎರಡೂ ಇಂಗ್ಲಿಷೇ. ಆದರೆ ಒಂದರಲ್ಲಿ ಅವರು ಚುರುಕು, ತಮಾಷೆಗಾರರು. ಇನ್ನೊಂದರಲ್ಲಿ ಮಕ್ಕಳ ಹಾಗೆ. ಓದುವಾಗ ನಮ್ಮ ಪಿಯುಸಿ ಹುಡುಗರು ಕಣ್ಣ ಮುಂದೆ ಬಂದರು.

ತೂಸಿ ಇದನ್ನು ಬರೆದದ್ದು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದುವಾಗ, ಪದವಿಗೆ ಅಂತ. 2022ರಲ್ಲಿ ಪ್ರಯೋಗ, 2023ರಲ್ಲಿ ಪುಲಿಟ್ಜರ್, 2025ರಲ್ಲಿ ಬ್ರಾಡ್‌ವೇ. ಅಂದರೆ ಕಾಲೇಜೂ ಅಲ್ಲಿ ನಾಟಕ ಬೆಳೆಯುವ ಒಂದು ಜಾಗ.

ಸೈಡ್‌ವಿಂಗ್:
ಮೇಷ್ಟ್ರೇ, ಭಲೇ. ಅದು ರೀಡಿಂಗಿನಲ್ಲೇ ಹೊಳೆಯುವ ನಾಟಕ. ಮೈಗಿಂತ ನಾಲಿಗೆಯದ್ದೇ ಕೆಲಸ. 'ದಿ ಫ್ಲಿಕ್' ಅದರ ತಿರುಗುಮುರುಗು. ಎರಡಕ್ಕೂ ಒಂದೇ ಅಚ್ಚು ಹಾಕಿದರೆ ಒಂದು ಸಾಯುತ್ತದೆ.

ನಾಲ್ಕನೇ ಗಂಟೆ:
ಒಂದು ಅನುಮಾನ. ಮೊದಲ ಪ್ರಯೋಗ ಹೇಗೋ ಆಯಿತು ಅಂತಿಟ್ಟುಕೊಳ್ಳಿ. ಎರಡನೆಯದು?

ಬಾಲ್ಕನಿ ಟಿಕೆಟ್:
ಅದೇ ದೊಡ್ಡ ಕಾಯಿಲೆ. "ವರ್ಲ್ಡ್ ಪ್ರೀಮಿಯರ್", ಅಂದರೆ ಜಗತ್ತಿನಲ್ಲೇ ಮೊದಲ ಪ್ರಯೋಗ, ಅಂತ ಬೋರ್ಡ್ ಹಾಕೋಕೆ ಎಲ್ಲರಿಗೂ ಆಸೆ. ಪಕ್ಕದ ಊರಿನವರು ಒಮ್ಮೆ ಆಡಿದ್ದು ಅಂದರೆ ಯಾರಿಗೂ ಬೇಡ. ಎಂಜಲು ಅನ್ನೋ ಹಾಗೆ. ಇದಕ್ಕೆ ನ್ಯಾಷನಲ್ ನ್ಯೂ ಪ್ಲೇ ನೆಟ್‌ವರ್ಕ್ ಅನ್ನುವ ಥಿಯೇಟರುಗಳ ಒಕ್ಕೂಟ ಒಂದು ಉಪಾಯ ಹುಡುಕಿತು. ಹನ್ನೆರಡು ತಿಂಗಳೊಳಗೆ ಕನಿಷ್ಠ ಮೂರು ಥಿಯೇಟರ್ ಒಂದೇ ನಾಟಕ ಆಡುತ್ತವೆ. ಮೂರೂ ಬೇರೆ ತಂಡ, ಬೇರೆ ನಿರ್ದೇಶಕರು. ಮೂವರೂ ಪ್ರೀಮಿಯರ್ ಅಂತ ಹೇಳಿಕೊಳ್ಳಬಹುದು. ನಾಟಕಕಾರರಿಗೆ ಮೂರು ಸಲ ತಿದ್ದುವ ಅವಕಾಶ. ಎಲ್ಲರ ಹಟವೂ ಉಳಿಯಿತು, ನಾಟಕವೂ ಬದುಕಿತು.

ಪುಟ ತಿರುವು:
ಇಷ್ಟೆಲ್ಲ ಹೇಳುವಾಗ ಈಗಿನ ಸ್ಥಿತಿಯನ್ನೂ ಹೇಳಬೇಕು. ಲೂಯಿವಿಲ್‌ನ ಆ್ಯಕ್ಟರ್ಸ್ ಥಿಯೇಟರ್ 1976ರಿಂದ ಹೊಸ ನಾಟಕಗಳ ಹಬ್ಬ ನಡೆಸುತ್ತಿತ್ತು. ಬೆತ್ ಹೆನ್ಲಿಯವರ 'ಕ್ರೈಮ್ಸ್ ಆಫ್ ದ ಹಾರ್ಟ್' ಅಲ್ಲಿಂದ ಎದ್ದದ್ದು. ಆ ಹಬ್ಬ ಕೋವಿಡ್ ಆದ ಮೇಲೆ ನಿಂತೇಹೋಯಿತು. ಹೊಸ ನಾಟಕ ಬೆಳೆಸುತ್ತಿದ್ದ ನ್ಯೂಯಾರ್ಕಿನ ಲಾರ್ಕ್ ಸಂಸ್ಥೆ 2021ರಲ್ಲಿ ಬಾಗಿಲು ಹಾಕಿತು. ರಾಜೀವ್ ಜೋಸೆಫ್ ತಮ್ಮ 'ಬೆಂಗಾಲ್ ಟೈಗರ್ ಅಟ್ ದ ಬಾಗ್ದಾದ್ ಜೂ' ತಿದ್ದಿ ತೀಡಿದ್ದು ಅಲ್ಲಿ. ಅವರ ತಂದೆ ಭಾರತದವರು. ತಾಜಮಹಲಿನ ಇಬ್ಬರು ಕಾವಲುಗಾರರ ಮೇಲೂ ಒಂದು ನಾಟಕ ಬರೆದಿದ್ದಾರೆ. ಮೇಲೆ ಹೆಸರು ಬಂದ ಟೇಪರ್ ಫೋರಂ ಕೂಡ 2023ರಲ್ಲಿ ಹಣವಿಲ್ಲದೆ ಕೆಲಕಾಲ ನಾಟಕ ನಿಲ್ಲಿಸಿತ್ತು. 2025ರ ಮೇ ತಿಂಗಳಲ್ಲಿ ಸರ್ಕಾರದ ಕಲಾನಿಧಿ ಎಷ್ಟೋ ತಂಡಗಳಿಗೆ ಒಪ್ಪಿಕೊಂಡಿದ್ದ ಹಣವನ್ನು ರದ್ದು ಮಾಡಿತು.

ದುಡ್ಡು ಕಮ್ಮಿಯಾದಾಗ ಮೊದಲು ಕತ್ತರಿ ಬೀಳೋದು ಪ್ರಯೋಗಕ್ಕೆ. ಅಗ್ಗದ್ದು ಅಂತ ಉಳಿಯೋದು ರೀಡಿಂಗ್. ಚಳಿಯೂರು ನೋಡಿದ ಆ ನಾಲ್ಕನೇ ರೀಡಿಂಗಿಗೆ ಇದೂ ಕಾರಣ ಇರಬಹುದು.

ತರಲೆ ತಮ್ಮಯ್ಯ:
ಚಳಿಯೂರು ತಾಯಿ, ಇವರೆಲ್ಲ ಹೀಗೇ ಇತಿಹಾಸ ಹೇಳ್ತಾ ಇರ್ತಾರೆ. ನಿಮ್ಮ ನಾಟಕ ನನಗೆ ಕಳಿಸಿ. ಓದ್ತೇನೆ. ಅಭಿಪ್ರಾಯ ಕೇಳಿದರೆ ಮಾತ್ರ ಹೇಳ್ತೇನೆ. ಲರ್ಮನ್ ಅಮ್ಮನ ಆಣೆ.

ಚಳಿಯೂರು:
(ಮೂರು ವಾರದ ನಂತರ)
ಓದಿಸಿದೆ! ಗೆಳತಿಯ ಬೇಸ್‌ಮೆಂಟಿನಲ್ಲಿ. ಒಂಬತ್ತು ಜನ ಬಂದಿದ್ದರು. ಮ್ಯೂಸಿಕ್ ಸ್ಟ್ಯಾಂಡ್ ಇರಲಿಲ್ಲ, ಊಟದ ಟೇಬಲ್ಲೇ ಗತಿ. ರಂಗಸೂಚನೆ ಓದಿದ್ದು ಗೆಳತಿಯ ಹತ್ತನೇ ಕ್ಲಾಸಿನ ಮಗ. ಅಮೆರಿಕದ ಧಾಟಿಯಲ್ಲಿ "ಅಜ್ಜಿ ಒಳಕಲ್ಲಿನ ಹತ್ತಿರ ಕೂತಿದ್ದಾಳೆ" ಅಂತ ಓದಿ, "ವಾಟ್ ಇಸ್ ಒಳಕಲ್ಲು?" ಅಂತ ಕೇಳಿದ. ಐದು ನಿಮಿಷ ಅದೇ ಚರ್ಚೆ.

ಸೈಡ್‌ವಿಂಗ್ ಹೇಳಿದ ನಾಲ್ಕು ಹಂತ ಪಾಲಿಸಿದೆವು. ಮೊದಲನೆಯದರಲ್ಲೇ ಎಲ್ಲರಿಗೂ ಕಷ್ಟವಾಯಿತು. ಸಲಹೆ ಕೊಡದೆ ಮಾತಾಡೋದು ನಮಗೆ ಅಭ್ಯಾಸವೇ ಇಲ್ಲ. ಆದರೆ ನನಗೆ ಹೆಚ್ಚು ಕಲಿಸಿದ್ದು ಮಾತುಕತೆ ಅಲ್ಲ. ಹದಿನಾಲ್ಕನೇ ಪುಟದಲ್ಲಿ ಅಪ್ಪನ ದೊಡ್ಡ ಭಾಷಣ ಒಂದಿದೆ. ನನಗೆ ತುಂಬಾ ಇಷ್ಟವಾದದ್ದು. ಅದು ಶುರುವಾದ ಕೂಡಲೇ ಓದದೇ ಕೂತಿದ್ದವರೆಲ್ಲ ಒಟ್ಟಿಗೆ ಪುಟ ಮುಂದೆ ತಿರುವಿ, ಎಲ್ಲಿಗೆ ಮುಗಿಯುತ್ತೆ ಅಂತ ನೋಡಿದರು. ಆ ಸರಸರ ಸದ್ದು ಇನ್ನೂ ಕಿವಿಯಲ್ಲಿದೆ. ಆ ರಾತ್ರಿಯೇ ಭಾಷಣ ಪೂರ್ತಿ ತೆಗೆದೆ.

ಸೈಡ್‌ವಿಂಗ್:
ಆ ಸದ್ದಿಗೋಸ್ಕರವೇ ರೀಡಿಂಗ್ ಮಾಡೋದು. ತೆಗೆದದ್ದನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದೀರಿ ತಾನೇ? ನಿಂತು ಆಡಿದಾಗ ಅದರಲ್ಲಿ ಎರಡು ಸಾಲು ಮತ್ತೆ ಬೇಕಾಗಬಹುದು.

ಚಳಿಯೂರು:
ಅಯ್ಯೋ. ಅಳಿಸಿಯೇ ಬಿಟ್ಟೆನಲ್ಲ.

ತರಲೆ ತಮ್ಮಯ್ಯ:
ನನಗೆ ಕಳಿಸಿದ ಪ್ರತಿಯಲ್ಲಿ ಇದೆ. ಪುಟ ಹದಿನಾಲ್ಕು. ನಾಲ್ಕನೇ ಸಾಲಿಗೆ ಗೀಟು ಹಾಕಿಟ್ಟಿದ್ದೇನೆ. ಯಾಕೆ ಅಂತ ಕೇಳಿದರೆ ಹೇಳ್ತೇನೆ.